ಕಡಲ ತಡಿಯಲ್ಲಿ ನೆಲಸುವ ಮುನ್ನ

ಘಟ್ಟದ ಮೇಲಿನ ಪಟ್ಟಣಗಳಲ್ಲಿ ಮೂವತ್ತು ನಾಲ್ವತ್ತು ವರ್ಷ ಉದ್ಯೋಗ ನಡೆಯಿಸಿ ನಿವೃತ್ತಿಯ ಹೊಸ್ತಿಲಿಗೆ ಬಂದ ಗೃಹಸ್ಥರಲ್ಲಿ, ಉಳಿದ ಆಯುಷ್ಯವನ್ನು ಕಡಲ ತಡಿಯ ಊರೊಂದರಲ್ಲಿ ನೆಮ್ಮದಿಯಾಗಿ ಕಳೆಯಬೇಕೆಂಬ ಅಪೇಕ್ಷೆಯು ವರ್ಷದಿಂದ ವರ್ಷಕ್ಕೆ ಬಲವಾಗುತ್ತಿರುವುದು. ರಾಜಧಾನಿಯ ಬೀದಿಗಳ ಇಕ್ಕಟ್ಟು, ಧೂಳು, ನಿವೇಶನಗಳ ಅತಿಯಾದ ಬೆಲೆ ಇವುಗಳಿಂದ ಬೇಸತ್ತವರ ಕಿವಿಗೆ ತೆರೆಗಳ ಮೊರೆತವು ಇಂಪಾಗಿ ಕೇಳಿಸುವುದು ಸಹಜವೇ. 2020ರ ಮಹಾಮಾರಿಯ ಕಾಲದಲ್ಲಿ ಕಛೇರಿಯ ಕೆಲಸವನ್ನು ಮನೆಯಲ್ಲಿ ಕುಳಿತೇ ಮಾಡುವ ವಾಡಿಕೆ ಹರಡಿದ ಮೇಲೆ ತರುಣ ನೌಕರರೂ ಈ ಹಂಬಲದಲ್ಲಿ ಪಾಲುದಾರರಾದರು. ಅದೇ ವರ್ಷ ಕರ್ನಾಟಕದ ಭೂಸುಧಾರಣಾ ಕಾಯಿದೆಯಿಂದ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿ, ಬೇಸಾಯಗಾರನಲ್ಲದವನೂ ಕೃಷಿಭೂಮಿಯನ್ನು ಕೊಳ್ಳಬಹುದೆಂದು ವಿಧಿಸಿದುದರಿಂದ ಈ ಹಂಬಲಕ್ಕೆ ವ್ಯವಹಾರದ ದಾರಿಯೂ ತೆರೆಯಿತು. ಹೀಗಿರಲು, ನೀರಿನಂಚಿನ ಊರನ್ನು ಹೇಗೆ ಆರಿಸಬೇಕೆಂಬುದು ಕೇವಲ ಖಾಸಗಿ ಅಭಿರುಚಿಯ ಮಾತಾಗಿ ಉಳಿದಿಲ್ಲ. ಸಾವಿರಾರು ಕುಟುಂಬಗಳ ಜನ್ಮದ ಗಳಿಕೆಯೂ, ಆ ತೀರಗಳಲ್ಲಿ ಮೊದಲಿನಿಂದ ಬಾಳುತ್ತಿರುವವರ ಹಿತವೂ ಇದರಲ್ಲಿ ಅಡಗಿರುವುದರಿಂದ, ಇದು ಸಾರ್ವಜನಿಕ ವಿಚಾರಕ್ಕೆ ಯೋಗ್ಯವಾದ ವಿಷಯವೆಂದು ನಾವು ಭಾವಿಸುತ್ತೇವೆ.

ಹಂಬಲವು ಹೊಸದಲ್ಲ, ಅದನ್ನು ಹಳಿಯುವ ಇಚ್ಛೆಯೂ ನಮಗಿಲ್ಲ. 1880ರ ದಶಕದ ಆರಂಭದಲ್ಲಿ, ತಮ್ಮ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಇನ್ನೂ ತರುಣರಾಗಿದ್ದ ರವೀಂದ್ರನಾಥ ಠಾಕೂರರು ಅಲ್ಲಿಗೆ ಬಂದು ತಂಗಿದ್ದರು. ಆ ಕಡಲು, ಆ ಬೆಟ್ಟ, ಕಾಳಿಯ ಆ ಹೊಳೆಬಾಯಿ ಅವರ ಮನಸ್ಸಿನ ಮೇಲೆ ಮಾಡಿದ ಪರಿಣಾಮವನ್ನು ಅವರು ತಮ್ಮ ಸ್ಮೃತಿಗ್ರಂಥದಲ್ಲಿ ಬರೆದಿಟ್ಟರು. ‘ಪ್ರಕೃತಿರ್ ಪ್ರತಿಶೋಧ’ವೆಂಬ ನಾಟಕವು ಅಲ್ಲಿ ರೂಪುಗೊಂಡಿತು. ಇಂದು ಕಾರವಾರದ ಕಡಲತೀರವು ಅವರ ಹೆಸರನ್ನೇ ಹೊತ್ತಿದೆ. ಮಹಾಕವಿಯನ್ನು ಸೆಳೆದ ನೀರು ನಮ್ಮ ನಿಮ್ಮಂಥವರನ್ನು ಸೆಳೆದರೆ ಸೋಜಿಗವೇನು? ಆದರೆ ಕವಿಯು ಅಲ್ಲಿಗೆ ಅತಿಥಿಯಾಗಿ ಬಂದವನು. ಮನೆ ಕಟ್ಟಿ ಬೇರೂರಲು ಬಂದವನಲ್ಲ. ಅತಿಥಿಗೆ ನೋಟವು ಸಾಕು. ನೆಲಸುವವನಿಗೆ ಊರು ಬೇಕು. ಈ ಎರಡರ ಭೇದವನ್ನು ಮರೆತುದರಿಂದಲೇ ಇಂದಿನ ಅನರ್ಥಗಳಲ್ಲಿ ಹೆಚ್ಚಿನವು ಹುಟ್ಟಿರುವುವು.

ಸಾಮಾನ್ಯವಾಗಿ ನಡೆಯುವುದೇನು? ಗೃಹಸ್ಥನು ಡಿಸೆಂಬರಿನ ರಜೆಯಲ್ಲಿ ಕುಟುಂಬಸಮೇತ ಕರಾವಳಿಗೆ ಇಳಿಯುತ್ತಾನೆ. ಆಕಾಶ ನಿರ್ಮಲವಾಗಿರುತ್ತದೆ, ಕಡಲು ಹಾಲುಗಲ್ಲದ ಕೂಸಿನಂತೆ ಮಲಗಿರುತ್ತದೆ, ಸಂಜೆಯ ಗಾಳಿ ಹಿತವಾಗಿರುತ್ತದೆ. ನಾಲ್ಕು ದಿನಗಳ ಈ ಸುಖದಲ್ಲಿ ಮನಸ್ಸು ಕರಗಿ, ಐದನೆಯ ದಿನ ದಲ್ಲಾಳಿಯು ತೋರಿಸಿದ ಹತ್ತು ಸೆಂಟ್ಸ್ ಜಾಗಕ್ಕೆ ಮುಂಗಡವು ಕೊಡಲ್ಪಡುತ್ತದೆ. ಮದುವೆಗೆ ಹೆಣ್ಣು ನೋಡುವಾಗ ಕುಲಗೋತ್ರವನ್ನು ಮೂರು ತಲೆಮಾರಿನವರೆಗೆ ವಿಚಾರಿಸುವ ನಮ್ಮ ಜನರು, ಮನೆಗೆ ಊರು ನೋಡುವಾಗ ಅದರ ಒಂದು ಮಳೆಗಾಲವನ್ನಾದರೂ ವಿಚಾರಿಸುವುದಿಲ್ಲ! ಕಡಲೂರನ್ನು ಮಾರ್ಗಶಿರದಲ್ಲಿ ಮೆಚ್ಚಬಹುದು; ಆರಿಸಬೇಕಾದುದು ಆಷಾಢದಲ್ಲಿ. ಇದೇ ನಮ್ಮ ಮೊದಲನೆಯ ಸೂತ್ರ.

ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು ಒಂದು ಸಾವಿರ ಮಿಲಿಮೀಟರು. ಮಂಗಳೂರು, ಹೊನ್ನಾವರ ಮೊದಲಾದೆಡೆ ಅದು ಮೂರು ಸಾವಿರವನ್ನು ಮೀರುವುದು. ಅದರಲ್ಲಿಯೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳುಗಳಲ್ಲಿ ಸುರಿಯುವುದು. ಆ ನಾಲ್ಕು ತಿಂಗಳು ಬಟ್ಟೆ ಒಣಗದು, ಗೋಡೆಯ ಪಾಚಿ ಆರದು, ವಿದ್ಯುತ್ತು ಯಾವ ಗಳಿಗೆಯಲ್ಲಿ ಹೋದೀತೆಂಬುದು ಹೇಳಬರದು. ಯಂತ್ರದ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಯ ನಿಷೇಧವಿರುವುದರಿಂದ ಬಂದರುಗಳ ಪೇಟೆಯೂ ಮಂಕಾಗುವುದು. 2018ರ ಮೇ 29ರಂದು ಒಂದೇ ದಿನದ ಮಳೆಗೆ ಮಂಗಳೂರಿನ ಬೀದಿಗಳು ಹೊಳೆಗಳಾದುವು. 2020ರ ಸೆಪ್ಟೆಂಬರಿನಲ್ಲಿ ಉಡುಪಿಯ ತಗ್ಗು ಬಡಾವಣೆಗಳು ಮುಳುಗಿದುವು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ದೂರದಲ್ಲಿ ಹಾದುಹೋದರೂ ನಮ್ಮ ತೀರದ ಎಷ್ಟೋ ಮನೆಗಳ ಅಂಗಳವನ್ನು ಕಡಲು ನೆಕ್ಕಿತು. ಇವು ಅಪರೂಪದ ಉತ್ಪಾತಗಳೆಂದು ತಳ್ಳಿಹಾಕುವಂತಿಲ್ಲ. ಮಳೆಯನ್ನು ಪ್ರೀತಿಸಬಲ್ಲವನಿಗೆ ಕರಾವಳಿಯು ಸ್ವರ್ಗವೇ ಸರಿ. ಮಳೆಯನ್ನು ಸಹಿಸಲು ಮಾತ್ರ ಬಲ್ಲವನು ಒಂದು ಆಷಾಢವನ್ನು ಬಾಡಿಗೆಯ ಮನೆಯಲ್ಲಿ ಕಳೆದು ಆಮೇಲೆ ನಿಶ್ಚಯಿಸುವುದು ಮೇಲು.

ಎರಡನೆಯದಾಗಿ ಕಡಲಿನ ನಡತೆಯನ್ನೇ ವಿಚಾರಿಸೋಣ. ತೀರದ ಮರಳು ನಿಂತಲ್ಲಿ ನಿಂತಿರುವ ವಸ್ತುವಲ್ಲ. ತೆರೆಗಳು ಅದನ್ನು ದಡದುದ್ದಕ್ಕೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತಲೇ ಇರುತ್ತವೆ. ಈ ಸಾಗಾಟದ ದಾರಿಗೆ ಅಡ್ಡವಾಗಿ ಬಂದರಿಗೆಂದು ಬಂಡೆಯ ಗೋಡೆಯನ್ನು ಚಾಚಿದಾಗ, ಗೋಡೆಯ ಒಂದು ಮಗ್ಗುಲಲ್ಲಿ ಮರಳು ಕೂಡಿ ಬೀಳುವುದು. ಇನ್ನೊಂದು ಮಗ್ಗುಲು ಮರಳಿನ ಆಹಾರವಿಲ್ಲದೆ ಸವೆಯುವುದು. ಪುದುಚೇರಿಯ ಕಥೆ ಇದಕ್ಕೆ ಪ್ರಸಿದ್ಧ ನಿದರ್ಶನ. ಭಾರತದ ಅತಿ ಚೆಲುವಾದ ಕಡಲಬೀದಿಗಳಲ್ಲಿ ಒಂದೆನಿಸಿದ ಆ ಪಟ್ಟಣದ ಮುಂದಣ ಮರಳಿನ ತೀರವು, 1980ರ ದಶಕದ ಕೊನೆಯಲ್ಲಿ ದಕ್ಷಿಣಕ್ಕೆ ಬಂದರಿನ ಗೋಡೆಗಳನ್ನು ಕಟ್ಟಿದ ಮೇಲೆ ಕ್ರಮೇಣ ಕಣ್ಮರೆಯಾಗಿ, ವಿಹಾರಕ್ಕೆ ಬಂದವರು ಬರಿಯ ಬಂಡೆಗಳ ರಾಶಿಯನ್ನು ನೋಡುವಂತಾಯಿತು. 2018ರಲ್ಲಿ ನೀರಿನಡಿಯಲ್ಲಿ ಕೃತಕ ದಿಬ್ಬವನ್ನು ನಿಲ್ಲಿಸಿದ ಮೇಲೆಯೇ ಒಂದು ತುಣುಕು ಮರಳು ಮರಳಿ ಬಂದಿತು. ಅಂದರೆ, ಮನೆಯ ಮುಂದಿನ ತೀರದ ಭವಿಷ್ಯವು ಮನೆಯೊಡೆಯನ ಕೈಯಲ್ಲಿಲ್ಲ. ಎಷ್ಟೋ ದೂರದಲ್ಲಿ ಯಾರೋ ಕಟ್ಟಿದ ಗೋಡೆಯು ಅದನ್ನು ನಿರ್ಣಯಿಸಬಹುದು.

ನಮ್ಮಲ್ಲಿಯೂ ಉದಾಹರಣೆಗಳಿಗೆ ಬರವಿಲ್ಲ. ನೇತ್ರಾವತಿಯ ದಕ್ಷಿಣಕ್ಕಿರುವ ಉಳ್ಳಾಲ, ಮೊಗವೀರಪಟ್ಣ, ಸೋಮೇಶ್ವರ, ಉಚ್ಚಿಲಗಳಲ್ಲಿ ಕಡಲಕೊರೆತವು ದಶಕಗಳಿಂದ ಮನೆಗಳನ್ನೂ ತೆಂಗಿನ ತೋಟಗಳನ್ನೂ ರಸ್ತೆಯನ್ನೂ ನುಂಗುತ್ತ ಬಂದಿದೆ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಉಳ್ಳಾಲದಲ್ಲಿ ದಿಬ್ಬಗಳನ್ನೂ ತಡೆಗೋಡೆಗಳನ್ನೂ ಕಟ್ಟಬೇಕಾಗಿ ಬಂದಿತು. ಒಂದು ಪಕ್ಕದಲ್ಲಿ ಕಡಲು, ಇನ್ನೊಂದು ಪಕ್ಕದಲ್ಲಿ ಸೌಪರ್ಣಿಕೆ ಹರಿಯುವ ಮರವಂತೆಯಲ್ಲಿ, ಪ್ರವಾಸಿಗಳು ನಿಂತು ಚಿತ್ರ ತೆಗೆಯುವ ಜಾಗದಲ್ಲಿಯೇ ಹೆದ್ದಾರಿಯನ್ನು ಉಳಿಸಿಕೊಳ್ಳಲು ಬಂಡೆಗಳನ್ನು ಸುರಿಯಬೇಕಾಯಿತು. ಚೆಲುವೂ ಅಪಾಯವೂ ಒಂದೇ ಮೊಳದ ಅಂತರದಲ್ಲಿ ವಾಸಿಸುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? 1990ರಿಂದ 2018ರವರೆಗಿನ ತೀರರೇಖೆಯನ್ನು ಪರೀಕ್ಷಿಸಿದ ರಾಷ್ಟ್ರೀಯ ಕರಾವಳಿ ಸಂಶೋಧನ ಕೇಂದ್ರವು, ದೇಶದ ಮುಖ್ಯಭೂಮಿಯ ತೀರದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಕೊರೆತಕ್ಕೆ ಗುರಿಯಾಗಿದೆಯೆಂದು ಕಂಡಿತು. ಜಗತ್ತಿನ ವಿಜ್ಞಾನಿಗಳ ಹವಾಮಾನ ಮಂಡಲಿಯು 2021ರ ತನ್ನ ವರದಿಯಲ್ಲಿ, 1901ರಿಂದ 2018ರವರೆಗೆ ಸಮುದ್ರದ ಸರಾಸರಿ ಮಟ್ಟವು ಸುಮಾರು 20 ಸೆಂಟಿಮೀಟರು ಏರಿತೆಂದೂ, 2006ರ ನಂತರದ ಏರಿಕೆಯು ವರ್ಷಕ್ಕೆ 3.7 ಮಿಲಿಮೀಟರಿನಷ್ಟೆಂದೂ ತಿಳಿಸಿದೆ. ಮಿಲಿಮೀಟರುಗಳ ಲೆಕ್ಕವೆಂದು ನಗುವವರು, ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿಯನ್ನು ಕೊಳ್ಳುತ್ತಿದ್ದೇವೆಂಬುದನ್ನು ಮರೆಯಬಾರದು.

ಮೂರನೆಯದು ಕುಡಿಯುವ ನೀರು. ನೀರಿನಂಚಿನ ಊರಿನಲ್ಲಿ ನೀರಿಗೆ ಬರವೇ ಎಂದು ಘಟ್ಟದ ಮೇಲಿನವರು ಕೇಳಬಹುದು. ಕಡಲಂಚಿನ ನೆಲದಡಿಯಲ್ಲಿ ಉಪ್ಪುನೀರಿನ ಮೇಲೆ ಸಿಹಿನೀರು ತೆಳುವಾಗಿ ತೇಲುತ್ತಿರುವುದು. ಸಿಹಿನೀರು ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ ಅದಕ್ಕೆ ಕೆಳಗೆ ಸುಮಾರು 40 ಅಡಿಗಳ ಸಿಹಿನೀರಿನ ಆಸರೆಯಿರುವುದೆಂದು ಭೂಜಲಶಾಸ್ತ್ರಜ್ಞರ ಲೆಕ್ಕ. ಪಂಪು ಹಚ್ಚಿ ಮೇಲಣ ಮಟ್ಟವನ್ನು ಒಂದು ಅಡಿ ಇಳಿಸಿದರೆ ಕೆಳಗಿನ ಉಪ್ಪುನೀರು ಕಾಲಕ್ರಮದಲ್ಲಿ ನಾಲ್ವತ್ತು ಅಡಿ ಮೇಲೇರಲು ದಾರಿ ಮಾಡಿಕೊಟ್ಟಂತೆ. ಆದುದರಿಂದಲೇ ಹತ್ತು ಮನೆಗಳಿದ್ದಾಗ ಸಿಹಿಯಾಗಿದ್ದ ಬಾವಿಯು, ಐವತ್ತು ಮನೆಗಳೂ ಎರಡು ಅತಿಥಿಗೃಹಗಳೂ ಬಂದ ಮೇಲೆ ಸವಳಾಗುವುದು. ಪಟ್ಟಣದ ನಲ್ಲಿಯೂ ನಿಶ್ಚಿತವಲ್ಲ. ಮಂಗಳೂರಿಗೆ ನೇತ್ರಾವತಿಯ ತುಂಬೆಯ ಅಣೆಕಟ್ಟಿನಿಂದಲೂ, ಉಡುಪಿಗೆ ಸ್ವರ್ಣಾನದಿಯ ಬಜೆಯಿಂದಲೂ ನೀರು ಬರುತ್ತದೆ. 2019ರ ಬೇಸಿಗೆಯಲ್ಲಿ ಈ ಎರಡೂ ನಗರಗಳಲ್ಲಿ ಸರತಿಯ ಮೇಲೆ ನೀರು ಹಂಚಬೇಕಾಯಿತು. ಮೂರು ಸಾವಿರ ಮಿಲಿಮೀಟರು ಮಳೆಯ ನಾಡಿನಲ್ಲಿ ಇದು ನಡೆಯಿತೆಂಬುದನ್ನು ವಾಚಕರು ಗಮನಿಸಬೇಕು. ಆದುದರಿಂದ ಜಾಗ ನೋಡಲು ಹೋದವನು ವೈಶಾಖದ ಕೊನೆಯಲ್ಲಿ, ಮುಂಗಾರಿಗೆ ಮುನ್ನ, ಆ ಬಾವಿಯ ನೀರನ್ನು ಬಾಯಿಗೆ ಹಾಕಿ ನೋಡತಕ್ಕದ್ದು. ನೆರೆಯವರ ಬಾವಿಯ ನೀರನ್ನು ಸಹ.

ನಾಲ್ಕನೆಯದು ದಾರಿ ಮತ್ತು ವೈದ್ಯ. ಕರಾವಳಿಯ ಊರುಗಳು ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಂತಿರುವುವು. ಆ ದಾರಗಳೆಂದರೆ ರಾಷ್ಟ್ರೀಯ ಹೆದ್ದಾರಿ 66 ಮತ್ತು 1998ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲುಮಾರ್ಗ. ದಾರವು ಕಡಿದರೆ ಮಣಿಗಳ ಗತಿಯೇನು? 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಜರಿದು ಹಲವರು ಪ್ರಾಣ ಕಳೆದುಕೊಂಡರು. ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ಎದ್ದ ನೀರು ಎದುರು ದಡದ ಉಳುವರೆಯ ಮನೆಗಳನ್ನು ಅಪ್ಪಳಿಸಿತು. ಹೊಳೆಯಾಚೆ ಇದ್ದೇವೆಂಬ ಧೈರ್ಯವೂ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಅದಾದ ಮೂರು ವಾರಗಳಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾರವಾರವನ್ನು ಸದಾಶಿವಗಡಕ್ಕೆ ಕೂಡಿಸುತ್ತಿದ್ದ ಕಾಳಿಯ ಹಳೆಯ ಸೇತುವೆಯು ಕುಸಿಯಿತು. ಗುಡ್ಡವನ್ನು ನೆಟ್ಟಗೆ ಕತ್ತರಿಸಿ ಹೆದ್ದಾರಿ ಅಗಲಿಸಿದ ಕಡೆಗಳಲ್ಲಿ ಮುಂದೆಯೂ ಮಳೆಗಾಲವು ಪರೀಕ್ಷೆಯ ಕಾಲವೇ ಆಗಿರುವುದು.

ದಾರಿಯ ಮಾತು ವೈದ್ಯನ ಮಾತಿಗೆ ಒಯ್ಯುವುದು. ಮಂಗಳೂರು ಮತ್ತು ಮಣಿಪಾಲಗಳಲ್ಲಿ ದೇಶಕ್ಕೇ ಹೆಸರಾದ ವೈದ್ಯವಿದ್ಯಾಲಯಗಳೂ ಆಸ್ಪತ್ರೆಗಳೂ ಇರುವುವು. ಅದೇ ಉತ್ತರಕನ್ನಡದಲ್ಲಿ, ಕಾರವಾರಕ್ಕೆ ಸರಕಾರಿ ವೈದ್ಯಕೀಯ ವಿದ್ಯಾಸಂಸ್ಥೆಯು ಬಂದ ಮೇಲೂ, ಹೃದಯಕ್ಕೋ ತಲೆಗೋ ಪೆಟ್ಟಾದ ರೋಗಿಯನ್ನು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವೆಗೋ ಸಾಗಿಸುವ ಕಷ್ಟವು ಜನರನ್ನು ಬಹುಕಾಲ ಕಾಡಿತು. ಹೊನ್ನಾವರದಿಂದ ಮಣಿಪಾಲಕ್ಕೆ ನೂರು ಕಿಲೋಮೀಟರನ್ನು ಮೀರಿದ ದಾರಿ. 2022ರ ಜುಲೈ 20ರಂದು ಹೊನ್ನಾವರದ ಕಡೆಯಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಧಾವಿಸುತ್ತಿದ್ದ ಆಂಬುಲೆನ್ಸು ಬೈಂದೂರಿನ ಬಳಿಯ ಶಿರೂರು ಸುಂಕದಕಟ್ಟೆಯಲ್ಲಿ ಮಗುಚಿ ನಾಲ್ವರು ಮಡಿದಾಗ, ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಮನೆಮನೆಯಿಂದ ಎದ್ದಿತು. ಅರುವತ್ತು ದಾಟಿದ ದಂಪತಿಗಳು ಸೂರ್ಯಾಸ್ತದ ಸೊಬಗನ್ನು ಅಳೆಯುವ ಮೊದಲು ಆಸ್ಪತ್ರೆಯ ದೂರವನ್ನು ಅಳೆಯಲಿ. ಸೂರ್ಯನು ಎಲ್ಲ ತೀರಗಳಲ್ಲಿಯೂ ಅಸ್ತಮಿಸುವನು. ಹೃದ್ರೋಗತಜ್ಞನು ಎಲ್ಲ ಊರುಗಳಲ್ಲಿಯೂ ದೊರೆಯನು.

ಐದನೆಯದು ಕಾನೂನು, ಇದರ ಅಜ್ಞಾನದಿಂದ ಕೆಟ್ಟವರು ಹಲವರು. ಪರಿಸರ ಸಂರಕ್ಷಣಾ ಕಾಯಿದೆಯ ಮೇರೆಗೆ 1991ರಲ್ಲಿ ಮೊದಲು ಹೊರಟು, 2011ರಲ್ಲಿಯೂ 2019ರಲ್ಲಿಯೂ ಹೊಸದಾಗಿ ಬರೆಯಲ್ಪಟ್ಟ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು, ಉಬ್ಬರದ ಗೆರೆಯಿಂದ ಒಳಕ್ಕೆ 500 ಮೀಟರುಗಳ ನೆಲವನ್ನು ತನ್ನ ಅಧೀನಕ್ಕೆ ತೆಗೆದುಕೊಳ್ಳುವುದು. 2019ರ ವಿಧಿಯಂತೆ, ಗ್ರಾಮಪ್ರದೇಶದಲ್ಲಿ 2011ರ ಜನಗಣತಿಯ ಪ್ರಕಾರ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಕಡೆ ಉಬ್ಬರದ ಗೆರೆಯಿಂದ 50 ಮೀಟರು, ಉಳಿದ ಕಡೆ 200 ಮೀಟರು, ನಿರ್ಮಾಣವಿಲ್ಲದ ನೆಲವಾಗಿ ಉಳಿಯತಕ್ಕದ್ದು. ಪಟ್ಟಣಗಳಲ್ಲಿ ಈಗಾಗಲೇ ಇರುವ ರಸ್ತೆಯ ಅಥವಾ ಅಧಿಕೃತ ಕಟ್ಟಡಗಳ ಒಳಮಗ್ಗುಲಿಗೆ ಮಾತ್ರ ಕಟ್ಟಬಹುದು. ಈ ನಿಯಮವು ಕಡಲಿಗೆ ಮಾತ್ರವೆಂದು ತಿಳಿಯಕೂಡದು. ಉಬ್ಬರದ ನೀರು ಏರುವ ಹೊಳೆ, ಹಿನ್ನೀರುಗಳ ದಡಕ್ಕೂ ಅದು ಅನ್ವಯಿಸುವುದು. ಬೇಸಿಗೆಯಲ್ಲಿ ನೀರಿನ ಉಪ್ಪಿನಂಶವು ಎಲ್ಲಿಯವರೆಗೆ ಸಾವಿರಕ್ಕೆ ಐದರ ಪ್ರಮಾಣದಲ್ಲಿರುವುದೋ ಅಲ್ಲಿಯವರೆಗೆ ಆ ಹೊಳೆಯು ಕಾನೂನಿನ ಕಣ್ಣಿಗೆ ಕಡಲಿನ ಕೈಯೇ.

ಇದನ್ನು ಲಘುವಾಗಿ ಎಣಿಸಿದರೆ ಆಗುವುದೇನೆಂಬುದನ್ನು ಕೊಚ್ಚಿಯ ಮರಡು ತೋರಿಸಿಕೊಟ್ಟಿತು. ಅಲ್ಲಿಯ ಹಿನ್ನೀರಿನ ದಡದಲ್ಲಿ ಎದ್ದಿದ್ದ ನಾಲ್ಕು ವಸತಿ ಸಮುಚ್ಚಯಗಳು ನಿಯಮಭಂಗ ಮಾಡಿ ಕಟ್ಟಲ್ಪಟ್ಟಿವೆಯೆಂದು 2019ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. 2020ರ ಜನವರಿ 11 ಮತ್ತು 12ರಂದು, ಮುನ್ನೂರಕ್ಕೂ ಹೆಚ್ಚು ಮನೆಗಳಿದ್ದ ಆ ಸೌಧಗಳನ್ನು ಸಿಡಿಮದ್ದಿನಿಂದ ಕೆಡವಲಾಯಿತು. ಕೊಂಡವರಲ್ಲಿ ಎಷ್ಟೋ ಜನರು ಪ್ರಾಮಾಣಿಕರು. ಸ್ಥಳೀಯ ಸಂಸ್ಥೆಯ ಪರವಾನಗಿಯನ್ನು ನೋಡಿ ನಂಬಿದವರು. ತಲೆಗೆ 25 ಲಕ್ಷ ರೂಪಾಯಿಗಳ ಮಧ್ಯಂತರ ಪರಿಹಾರವು ವಿಧಿಸಲ್ಪಟ್ಟಿತಾದರೂ, ಅವರು ಕಳೆದುಕೊಂಡ ಮನೆಗೆ ಅದು ಸಮವಾದೀತೇ? ಪರವಾನಗಿಯ ಕಾಗದವು ಕೊಳ್ಳುವವನಿಗೆ ಕವಚವಲ್ಲವೆಂಬುದು ಇದರ ಪಾಠ. ಪಹಣಿ, ಭೂಪರಿವರ್ತನೆ, ಮೋಜಣಿಯ ನಕ್ಷೆ ಇವುಗಳ ಜತೆಗೆ, ಆ ಸರ್ವೆ ನಂಬರು ಕರಾವಳಿ ವಲಯದ ನಕ್ಷೆಯಲ್ಲಿ ಎಲ್ಲಿ ಬೀಳುವುದೆಂಬುದನ್ನು ಕೊಳ್ಳುವವನು ತಾನೇ ನೋಡಿಕೊಳ್ಳತಕ್ಕದ್ದು. ದಲ್ಲಾಳಿಯ ಬಾಯಿಮಾತು ಉಬ್ಬರದ ಗೆರೆಯನ್ನು ಹಿಂದಕ್ಕೆ ಸರಿಸಲಾರದು.

ಇಷ್ಟನ್ನು ಕೇಳಿದವರು, ಹಾಗಾದರೆ ಕಡಲ ತಡಿಯಲ್ಲಿ ಯಾರೂ ಬಾಳಲೇ ಬಾರದೇ, ನಮ್ಮ ಹಿರಿಯರು ಬಾಳಲಿಲ್ಲವೇ, ಎಂದು ಕೇಳಬಹುದು. ಬಾಳಿದರು; ಆದರೆ ಎಲ್ಲಿ ಬಾಳಿದರೆಂಬುದನ್ನು ನೋಡಬೇಕು. ಬಾರಕೂರು ಸೀತಾನದಿಯ ಮೇಲಿರುವುದು. ಬಸರೂರು ವಾರಾಹಿಯ ಮೇಲಿರುವುದು. ಮಿರ್ಜಾನದ ಕೋಟೆ ಅಘನಾಶಿನಿಯ ಕಡೆಗೆ, ಹೊನ್ನಾವರ ಶರಾವತಿಯ ಕಡೆಗೆ, ಮಂಗಳೂರಿನ ಹಳೆಯ ಬಂದರು ನೇತ್ರಾವತಿ ಗುರುಪುರಗಳ ಅಳಿವೆಯ ಒಳಗಡೆಗೆ. ದೇಶಾಂತರದ ಹಡಗುಗಳು ಬಂದುಹೋಗುತ್ತಿದ್ದ ಈ ಸಿರಿವಂತ ಪಟ್ಟಣಗಳಲ್ಲಿ ಯಾವುದೂ ಬಯಲು ಕಡಲಿಗೆ ಎದೆಯೊಡ್ಡಿ ನಿಂತಿರಲಿಲ್ಲ. ಎಲ್ಲವೂ ಹೊಳೆಯ ತೋಳಿನ ಮರೆಯನ್ನು ಹಿಡಿದು ಬೆಳೆದುವು. ಕಾರವಾರಕ್ಕಾದರೋ ಕೊಲ್ಲಿಯ ಮುಂದಿನ ದ್ವೀಪಗಳೂ ಗುಡ್ಡಗಳೂ ಕಾವಲು. ತೆರೆಯ ಸಮೀಪದಲ್ಲಿ ಮನೆ ಮಾಡಿದವರು ಮೀನುಗಾರರು. ಅದು ಅವರ ವೃತ್ತಿಯ ಅಗತ್ಯ, ವಿಲಾಸವಲ್ಲ. ಅಘನಾಶಿನಿಯ ದಡದ ರೈತರು ಗಜನಿ ಭೂಮಿಗಳಲ್ಲಿ ಉಪ್ಪುನೀರನ್ನು ತಾಳಬಲ್ಲ ಕಗ್ಗದ ಭತ್ತವನ್ನು ಬೆಳೆದರು. ಆ ಅಳಿವೆಯು 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಕಾಂಡ್ಲಾ ಗಿಡಗಳ ಸಾಲು ತೆರೆಯ ಹೊಡೆತವನ್ನು ತಡೆಯುವುದೆಂದು ತಿಳಿದು ಅದನ್ನು ಉಳಿಸಿಕೊಂಡರು. ಹಿರಿಯರ ಪದ್ಧತಿಯಲ್ಲಿ ಕಡಲಿನ ಭಯವೂ ಭಕ್ತಿಯೂ ಕೂಡಿದ್ದುವು. ಇಂದಿನ ಕಟ್ಟಡದ ಜಾಹೀರಾತುಗಳಲ್ಲಿ ಎರಡೂ ಇಲ್ಲ.

ಮನೆಯ ವಿಷಯದಲ್ಲಿಯೂ ಅಷ್ಟೇ. ಮುರಕಲ್ಲಿನ ಗೋಡೆ, ಇಳಿಜಾರು ಮಾಡು, ಅಗಲವಾದ ಸೂರು ಇವು ಆ ಹವೆಗೆ ಹೇಳಿ ಮಾಡಿಸಿದಂಥವು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟನು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಮಂಗಳೂರು ಹಂಚು ದೇಶವಿದೇಶಗಳಲ್ಲಿ ಮಾಡುಗಳನ್ನು ಮುಚ್ಚಿತು. ಇಂದು ಅದೇ ತೀರದಲ್ಲಿ ಚಪ್ಪಟೆಯಾದ ಕಾಂಕ್ರೀಟು ತಾರಸಿಗಳು ಏಳುತ್ತಿವೆ. ಉಪ್ಪಿನ ಗಾಳಿಯು ಕಾಂಕ್ರೀಟಿನ ರಂಧ್ರಗಳಲ್ಲಿ ನುಸುಳಿ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುವುದು. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಸಿಡಿದು ಬೀಳುವುದು. ತೆರೆಗೆ ಎದುರಾದ ಮನೆಯ ದುರಸ್ತಿಯ ವೆಚ್ಚವು ಒಳಗಿನ ಮನೆಯದಕ್ಕಿಂತ ಬಹಳ ಹೆಚ್ಚೆಂಬುದನ್ನು ಯಾವ ಮೇಸ್ತ್ರಿಯೂ ಹೇಳಬಲ್ಲನು.

ಈಗ ಊರುಗಳ ಮಾತು. ಉದ್ಯೋಗದಲ್ಲಿರುವವರಿಗೂ ಮಕ್ಕಳನ್ನು ಓದಿಸುವವರಿಗೂ ಮಂಗಳೂರಿಗೆ ಸಮನಾದುದಿಲ್ಲ: ವಿಮಾನ, ರೈಲು, ಕಾಲೇಜು, ಆಸ್ಪತ್ರೆ ಎಲ್ಲವೂ ಅಲ್ಲಿರುವುವು, ಜತೆಗೆ ಪಣಂಬೂರಿನ ಬಂದರು, ಎಣ್ಣೆ ಶುದ್ಧಿಯ ಕಾರ್ಖಾನೆಗಳ ಹೊಗೆ, ಮಹಾನಗರದ ಸಂದಣಿಯೂ ಇರುವುವು. ವೃದ್ಧರಿಗೆ ಉಡುಪಿ ಮಣಿಪಾಲಗಳು ಅನುಕೂಲ. ಉಡುಪಿಯು ತೆರೆಯ ಮೇಲೆ ಕುಳಿತ ಊರಲ್ಲವಾದರೂ ಮಲ್ಪೆಯ ಕಡಲು ಕೆಲವೇ ಕಿಲೋಮೀಟರುಗಳ ದೂರ. ಮಧ್ಯಮಮಾರ್ಗವನ್ನು ಬಯಸುವವರಿಗೆ ಕುಂದಾಪುರವು ನಮ್ಮ ಮನಸ್ಸಿಗೆ ಒಪ್ಪಿದ ಊರು: ಪಂಚಗಂಗಾವಳಿಯ ನೀರು ಮೂರು ಮಗ್ಗುಲಲ್ಲಿ ಬಳಸಿರುವ ಸಣ್ಣ ಪಟ್ಟಣ, ಪೇಟೆ, ಶಾಲೆ, ಹಳೆಯ ಮನೆತನಗಳು, ತನ್ನದೇ ಸೊಗಸಿನ ಕನ್ನಡ, ಮಣಿಪಾಲಕ್ಕೆ ಒಂದು ಗಂಟೆಯೊಳಗಿನ ದಾರಿ. ಕುಮಟಾ ಹೊನ್ನಾವರಗಳ ಚೆಲುವು ಅಪ್ರತಿಮವಾದುದು. ಅಲ್ಲಿ ನೆಲಸುವವನಿಗೆ ಆರೋಗ್ಯವೂ ತಾಳ್ಮೆಯೂ ಬೇಕು. ಕಾರವಾರವು ಬೆಟ್ಟ, ಕೊಲ್ಲಿ, ನದಿ ಮೂರೂ ಕೂಡಿದ, ಜಿಲ್ಲಾಕೇಂದ್ರದ ಸೌಕರ್ಯವುಳ್ಳ ನಿಜವಾದ ಕಡಲಪಟ್ಟಣ. ಗೋವೆ ಹತ್ತಿರ, ರಾಜಧಾನಿ ದೂರ. ಎಲ್ಲಿಯಾದರೂ ಸರಿಯೇ, ನಮ್ಮ ಸಲಹೆ ಒಂದೇ: ಊರೊಳಗೆ, ಎತ್ತರದ ನೆಲದಲ್ಲಿ, ಕಡಲಿನಿಂದ ಒಂದು ಮೈಲು ಹಿಂದೆ ಮನೆಯಿರಲಿ. ದಿನವೂ ಸಂಜೆ ಕಡಲಿಗೆ ನಡೆದು ಹೋಗುವ ಸುಖವು, ಕಡಲು ಮನೆಗೆ ನಡೆದು ಬರುವ ಭಯಕ್ಕಿಂತ ಎಷ್ಟೋ ಮೇಲು.

ಇಷ್ಟೂ ಕೊಳ್ಳುವವನ ಹಿತದ ಮಾತಾಯಿತು. ಮೊದಲಿನಿಂದ ಅಲ್ಲಿರುವವರ ಹಿತವನ್ನು ಯಾರು ನೋಡುವರು? ತೀರವು ಬಲೆ ಒಣಗಿಸುವ, ದೋಣಿ ಎಳೆಯುವ, ಮೀನು ಹರಹುವ ಕೆಲಸದ ನೆಲ. ಹೊರಗಿನವನು ಬೇಲಿ ಹಾಕಿದೊಡನೆ ನೂರಾರು ವರ್ಷಗಳ ಕಾಲುದಾರಿಯು ಮುಚ್ಚಿಹೋಗುವುದು. ಕಾರವಾರದ ನೌಕಾನೆಲೆಗಾಗಿ ಅಲ್ಲಿಯ ಗ್ರಾಮಗಳ ಜನರು ದೇಶದ ರಕ್ಷಣೆಗೆಂದು ನೆಲ ಬಿಟ್ಟುಕೊಟ್ಟು ಎದ್ದುಹೋದರು. 2005ರಲ್ಲಿ ಆ ನೆಲೆಯು ಸೇವೆಗೆ ಬಂದಿತು. ದೇಶಕ್ಕಾಗಿ ಬಿಟ್ಟ ನೆಲದ ಮಾತು ಬೇರೆ. ರಜೆಯ ಬಂಗಲೆಗಾಗಿ ಬಿಡಬೇಕಾದ ನೆಲದ ಮಾತು ಬೇರೆ. 1930ರಲ್ಲಿ ಅಂಕೋಲೆಯ ತೀರದಲ್ಲಿ ಜನರು ಉಪ್ಪು ತಯಾರಿಸಿ ಕಾಯಿದೆ ಮುರಿದುದು, ಕಡಲು ಕೊಟ್ಟುದು ಸರ್ವರ ಸೊತ್ತೆಂಬ ನ್ಯಾಯದ ಮೇಲೆ. ಆ ನ್ಯಾಯವು ಪರದೇಶದ ಸರಕಾರಕ್ಕೆ ಹೇಗೋ ಸ್ವದೇಶದ ಹಣವಂತನಿಗೂ ಹಾಗೆಯೇ ಅನ್ವಯಿಸಬೇಕಲ್ಲವೇ?

ಆದುದರಿಂದ ಸರಕಾರದಲ್ಲಿ ನಮ್ಮ ಬಿನ್ನಹವು ಮೂರು. ಒಂದು: ಕರಾವಳಿ ವಲಯದ ನಕ್ಷೆಗಳನ್ನು ಪ್ರತಿಯೊಂದು ಗ್ರಾಮ ಪಂಚಾಯತಿಯ ಗೋಡೆಯ ಮೇಲೆ, ಸರ್ವೆ ನಂಬರುಗಳೊಡನೆ, ಕನ್ನಡದಲ್ಲಿ ತೂಗುಹಾಕಬೇಕು. ಎರಡು: ತೆರೆ, ಉಬ್ಬರ, ಕೊರೆತ, ಏರುವ ಸಮುದ್ರಮಟ್ಟ ಇವುಗಳನ್ನು ಎಣಿಸಿ ಭಾರತ ಸರ್ವೇಕ್ಷಣ ಇಲಾಖೆಯು ಅಪಾಯದ ಗೆರೆಯೊಂದನ್ನು ಎಳೆದಿದೆ. 2019ರ ಅಧಿಸೂಚನೆಯು ಅದನ್ನು ವಿಪತ್ತು ನಿರ್ವಹಣೆಗೆಂದು ಇಟ್ಟುಕೊಂಡು, ಕಟ್ಟಡದ ನಿರ್ಬಂಧದಿಂದ ಬಿಡಿಸಿಬಿಟ್ಟಿದೆ. ನಿರ್ಬಂಧವಿಲ್ಲದಿದ್ದರೂ ಎಚ್ಚರಿಕೆಯಾದರೂ ಬೇಡವೇ? ಆ ಗೆರೆಯೊಳಗಿನ ಜಾಗದ ಕ್ರಯಪತ್ರವು ಉಪನೋಂದಣಾಧಿಕಾರಿಯ ಮುಂದೆ ಬಂದಾಗ, ಕೊಳ್ಳುವವನಿಗೆ ಅದನ್ನು ಬರಹದಲ್ಲಿ ತಿಳಿಸಿ ರುಜು ಪಡೆಯುವ ನಿಯಮವಾಗಬೇಕು. ಮೂರು: ತೀರಕ್ಕೆ ಹೋಗುವ ಸಾರ್ವಜನಿಕ ಕಾಲುದಾರಿಗಳನ್ನೂ ದೋಣಿ ನಿಲ್ಲಿಸುವ ತಾವುಗಳನ್ನೂ ಮೋಜಣಿ ಮಾಡಿಸಿ ದಾಖಲೆಗೆ ಸೇರಿಸಬೇಕು. ಈ ಮೂರಕ್ಕೂ ದೊಡ್ಡ ಬೊಕ್ಕಸವು ಬೇಕಿಲ್ಲ. ನಕ್ಷೆಯನ್ನು ಕಪಾಟಿನಿಂದ ಹೊರಗೆ ತೆಗೆಯುವ ಮನಸ್ಸು ಸಾಕು. ಅಧಿಕಾರಿ ವರ್ಗದ ನಮ್ಮ ವಾಚಕರು ಇದನ್ನು ಗಮನಿಸುವರೆಂದು ಆಶಿಸುತ್ತೇವೆ.

ಕೊನೆಯದಾಗಿ, ನೆಲಸಲು ಹೊರಟ ಸಜ್ಜನರಿಗೆ ಒಂದು ಮಾತು. ಊರೆಂದರೆ ಗಾಳಿ ನೀರುಗಳಷ್ಟೇ ಅಲ್ಲ; ಅದು ಅಲ್ಲಿಯ ಜನ. ತುಳು, ಕೊಂಕಣಿ, ಬ್ಯಾರಿ, ನವಾಯತಿ, ಕುಂದಗನ್ನಡಗಳು ಒಂದೇ ಸಂತೆಯಲ್ಲಿ ಕೇಳಿಬರುವ ಆ ನಾಡಿನಲ್ಲಿ ಎರಡು ಮಾತುಗಳನ್ನು ಕಲಿತು, ಮೀನಿನ ಪೇಟೆಯಲ್ಲಿ ಮುಖಪರಿಚಯ ಮಾಡಿಕೊಂಡು, ಊರ ಶಾಲೆಗೂ ಗ್ರಂಥಾಲಯಕ್ಕೂ ತಮ್ಮ ಅನುಭವದ ಕಾಣಿಕೆಯನ್ನು ಸಲ್ಲಿಸಿದವರಿಗೆ ಮಾತ್ರ ಆ ಊರು ತನ್ನದಾಗುವುದು. ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ ಹಾಕಿದ ಮನೆಗಳ ಸಾಲು ಊರೆನಿಸದು. ನೋಟವನ್ನು ಕೊಳ್ಳಲು ಹಣವಿದ್ದರೆ ಸಾಕು; ಊರನ್ನು ಪಡೆಯಲು ಬಾಳಬೇಕು. ಮಳೆಗಾಲದ ಒಂದು ದಿನ ಕೊಡೆ ಹಿಡಿದು ಇಳಿದು, ಬಾವಿಯ ನೀರನ್ನು ಕುಡಿದು, ನಕ್ಷೆಯನ್ನು ಓದಿ, ನೆರೆಯವರನ್ನು ಮಾತಾಡಿಸಿ, ಆ ಮೇಲೆ ನಿಶ್ಚಯಿಸಿದವರನ್ನು ನಮ್ಮ ಕಡಲು ಕೈಬಿಡದೆಂದು ನಂಬುತ್ತೇವೆ.